ವಂಶದಲ್ಲಿ ಬಂದದ್ದನ್ನು ವಂಶಕ್ಕೆ ಮುಚ್ಚಿಡದಿರೋಣ

ಕಳೆದ ಜಾತ್ರೆಯ ಸಂದರ್ಭದಲ್ಲಿ ಏರ್ಪಡಿಸಿದ್ದ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಹದಿನಾರು ವರ್ಷದ ಹುಡುಗನೊಬ್ಬನು ತನ್ನ ತಾಯಿ ಮತ್ತು ಅಜ್ಜಿಯೊಡನೆ ಬಂದಿದ್ದನು. ಬಂದದ್ದು ಕನ್ನಡಕಕ್ಕಾಗಿ. ವರ್ಷಕ್ಕೆರಡು ಬಾರಿ ಕನ್ನಡಕದ ನಂಬರು ಬದಲಾಗುತ್ತಿದೆ, ಶಾಲೆಯಲ್ಲಿ ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂಬುದು ತಾಯಿಯ ದೂರು. ಹುಡುಗನು ಆಗಲೇ ಆರಡಿ ಮೀರಿ ಬೆಳೆದಿದ್ದನು. ಕೈಗಳು ಮೊಣಕಾಲಿನ ಹತ್ತಿರಕ್ಕೆ ಇಳಿದಿದ್ದವು, ಬೆರಳುಗಳು ನೀಳವಾಗಿದ್ದವು, ಎದೆಯ ನಡುವಿನ ಮೂಳೆ ಒಳಕ್ಕೆ ಕುಸಿದಿತ್ತು. "ಆಜಾನುಬಾಹು ಅದಾನ್ರಿ ನಮ್ಮ ಹುಡುಗ, ಥೇಟ್ ಅವರಪ್ಪನಂಗ" ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. ಆ ತಂದೆ ಎಲ್ಲಿ ಎಂದು ಕೇಳಿದಾಗ ಅವರ ಧ್ವನಿ ಇಳಿಯಿತು. "ಮೂವತ್ನಾಕಕ್ಕ ಹೋದ್ರಿ. ಹೊಲದಾಗ ಚೀಲ ಎತ್ತಾಕತ್ತಿದ್ದ. ಎದಿ ಹಿಡಕೊಂಡು ಕುಂತ, ಮತ್ತ ಏಳಲಿಲ್ಲ."

ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದಾಗ ಹುಡುಗನ ಎರಡೂ ಕಣ್ಣುಗಳ ಮಸೂರಗಳು ತಮ್ಮ ನೆಲೆಯಿಂದ ಮೇಲಕ್ಕೆ ಜಾರಿದ್ದವು. ಮುಂದಿನ ವಾರ ಜಿಲ್ಲಾ ಕೇಂದ್ರದಲ್ಲಿ ಮಾಡಿಸಿದ ಹೃದಯದ ಎಕೋ ಪರೀಕ್ಷೆಯಲ್ಲಿ, ಮಹಾಪಧಮನಿಯ ಬುಡವು 4.6 ಸೆಂಟಿಮೀಟರಿಗೆ ಹಿಗ್ಗಿರುವುದು ತಿಳಿಯಿತು. ಇದು ಮಾರ್ಫಾನ್ ಸಿಂಡ್ರೋಮ್ ಎಂದೂ, ತಂದೆಯಿಂದ ಬಂದಿರುವ ಸಂಭವವೇ ಹೆಚ್ಚೆಂದೂ, ಆದುದರಿಂದ ಹುಡುಗನ ಅಕ್ಕನನ್ನೂ ಕೂಡಲೇ ಪರೀಕ್ಷಿಸಬೇಕೆಂದೂ ನಾವು ತಿಳಿಸಿದೆವು. ಅಜ್ಜಿ ನಮ್ಮ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು: "ಹುಡುಗಿ ಲಗ್ನ ಆಗೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಸಾಹೇಬ್ರ. ಆಕಿಗೂ ಹೇಳಬ್ಯಾಡ್ರಿ."

ಆ ಮಾತಿಗೆ ನಾವು ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ಕೊಂಚ ವಿಸ್ತಾರವಾಗಿ ಓದುಗರ ಮುಂದಿಡುತ್ತಿದ್ದೇವೆ. ಅಜ್ಜಿಯ ಭಯವು ಮೂಢತನವಲ್ಲ, ಅದು ಲೋಕವನ್ನು ಕಂಡವರ ಭಯ. ಆದರೂ ಆ ಭಯಕ್ಕೆ ಮಣಿದು ಸುಮ್ಮನಿದ್ದರೆ ಜೀವಹಾನಿಯಾದೀತು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ದೇಹವನ್ನು ಕಟ್ಟಿ ಹಿಡಿದಿರುವ ನೂಲು

ಮೊದಲು ಈ ಕಾಯಿಲೆಯ ಸ್ವರೂಪವನ್ನು ತಿಳಿಯೋಣ. ನಮ್ಮ ಶರೀರದಲ್ಲಿ ಮಾಂಸಖಂಡ, ನರ, ಚರ್ಮಗಳಂತೆಯೇ ಸಂಯೋಜಕ ಅಂಗಾಂಶ ಎಂಬುದೊಂದಿದೆ. ಕೀಲುಗಳನ್ನು ಬಿಗಿದಿರುವ ರಜ್ಜುಗಳು, ಮೃದ್ವಸ್ಥಿ, ಮೂಳೆಯ ಹಂದರ, ರಕ್ತನಾಳಗಳ ಗೋಡೆ, ಕಣ್ಣಿನ ಮಸೂರವನ್ನು ತೂಗಿ ಹಿಡಿದಿರುವ ಸೂಕ್ಷ್ಮ ಎಳೆಗಳು, ಚರ್ಮದ ಒಳಪದರ ಇವೆಲ್ಲವೂ ಅದರಿಂದಲೇ ಆದವು. ಮನೆಯ ಕಲ್ಲುಗಳನ್ನು ಗಾರೆ ಹಿಡಿದಿರುವಂತೆ ಅಂಗಗಳನ್ನು ಇದು ಹಿಡಿದಿರುತ್ತದೆ. ಗಾರೆಯೇ ಸಡಿಲವಾಗಿದ್ದರೆ ಬಿರುಕು ಇಂಥಲ್ಲೇ ಬೀಳುತ್ತದೆಂದು ಹೇಳಲಾಗದು. ಮಾರ್ಫಾನ್ ಇರುವವರಲ್ಲಿ ಕಣ್ಣು, ಬೆನ್ನು, ಎದೆ, ಶ್ವಾಸಕೋಶ, ಹೃದಯಗಳಲ್ಲಿ ತೊಂದರೆಗಳು ಒಟ್ಟಾಗಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಕನ್ನಡಕದವರ ಬಳಿಗೊಮ್ಮೆ, ಮೂಳೆ ವೈದ್ಯರ ಬಳಿಗೊಮ್ಮೆ, ಹಲ್ಲಿನ ವೈದ್ಯರ ಬಳಿಗೊಮ್ಮೆ ಬಿಡಿಬಿಡಿಯಾಗಿ ಅಲೆಯುತ್ತಾ, ಇವೆಲ್ಲವೂ ಒಂದೇ ಬೇರಿನ ಕೊಂಬೆಗಳೆಂಬುದು ಯಾರಿಗೂ ಹೊಳೆಯದೆ ಹೋಗುವುದಕ್ಕೂ ಇದೇ ಕಾರಣ.

1896ರಲ್ಲಿ ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫಾನ್ ಅವರು ಕೈಕಾಲು ಬೆರಳುಗಳು ಅಸಹಜವಾಗಿ ನೀಳವಾಗಿದ್ದ ಐದು ವರ್ಷದ ಬಾಲಕಿಯೊಬ್ಬಳನ್ನು ಕುರಿತು ವರದಿ ಮಾಡಿದರು. ಅವರ ಹೆಸರೇ ಕಾಯಿಲೆಗೆ ಉಳಿಯಿತು. 1956ರಲ್ಲಿ ಅಮೆರಿಕದ ವಿಕ್ಟರ್ ಮೆಕ್ಯೂಸಿಕ್ ಅವರು ಇಂಥ ಕಾಯಿಲೆಗಳನ್ನೆಲ್ಲ ಒಂದೆಡೆ ತಂದು, ಸಂಯೋಜಕ ಅಂಗಾಂಶದ ಆನುವಂಶಿಕ ದೋಷಗಳೆಂಬ ಒಂದೇ ಕುಲಕ್ಕೆ ಸೇರಿಸಿ ಗ್ರಂಥ ಬರೆದರು. 1991ರಲ್ಲಿ ಮೂಲ ಕಾರಣವೂ ಸಿಕ್ಕಿತು. ನಮ್ಮ ಹದಿನೈದನೆಯ ವರ್ಣತಂತುವಿನಲ್ಲಿ ಫೈಬ್ರಿಲಿನ್-1 ಎಂಬ ಪ್ರೋಟೀನನ್ನು ತಯಾರಿಸುವ ವಂಶವಾಹಿಯಿದೆ, ಅದರಲ್ಲಿನ ತಪ್ಪೇ ಮಾರ್ಫಾನ್ ಕಾಯಿಲೆಗೆ ಮೂಲ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಜಾತಿ, ದೇಶ, ಲಿಂಗಗಳ ಭೇದ ಇದಕ್ಕಿಲ್ಲ.

ಈ ಕಾಯಿಲೆಯಲ್ಲಿ ಪ್ರಾಣಕ್ಕೆ ಎರವಾಗುವುದು ಮಹಾಪಧಮನಿ. ಹೃದಯದಿಂದ ಹೊರಡುವ ಈ ಹೆಬ್ಬಾಗಿಲ ನಾಳವು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಹಿಗ್ಗಿ ಕುಗ್ಗುತ್ತದೆ. ಗೋಡೆಯ ಎಳೆಗಳು ದುರ್ಬಲವಾಗಿದ್ದರೆ ಪ್ರತಿ ಹಿಗ್ಗಿನಲ್ಲೂ ಅದು ಕಿಂಚಿತ್ತು ಅಗಲವಾಗುತ್ತಾ ಹೋಗುತ್ತದೆ. ನೋವಿಲ್ಲ, ಜ್ವರವಿಲ್ಲ, ಹೊರಗೆ ಒಂದು ಕುರುಹೂ ಇಲ್ಲ. ಒಂದು ದಿನ ಒಳಪದರ ಸೀಳಿ, ರಕ್ತವು ಪದರಗಳ ನಡುವೆ ನುಗ್ಗುತ್ತದೆ. ಆಗ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು. ಹೊಲದಲ್ಲಿ ಚೀಲ ಎತ್ತುವಾಗ ಎದೆ ಹಿಡಿದು ಕುಳಿತ ಆ ತಂದೆಗೆ ಆಗಿದ್ದುದು ಬಹುಶಃ ಇದೇ.

ಮೂವತ್ತೆರಡರಿಂದ ಎಪ್ಪತ್ತಕ್ಕೆ

"ವಾಸಿಯಾಗದ ಕಾಯಿಲೆಯನ್ನು ತಿಳಿದು ಏನು ಪ್ರಯೋಜನ? ತಿಳಿಯದಿದ್ದರೆ ಇರುವಷ್ಟು ದಿನ ನೆಮ್ಮದಿಯಾದರೂ ಇರುತ್ತದೆ" ಎನ್ನುವವರಿದ್ದಾರೆ. ಈ ಮಾತಿಗೆ ಚರಿತ್ರೆಯೇ ಉತ್ತರ ಹೇಳುತ್ತದೆ. 1972ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾರ್ಫಾನಿನಿಂದ ತೀರಿಕೊಂಡವರ ಸರಾಸರಿ ವಯಸ್ಸು 32 ವರ್ಷವಾಗಿತ್ತು. 1995ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಚಿಕಿತ್ಸೆಯಲ್ಲಿರುವವರು ಎಪ್ಪತ್ತು ದಾಟುವರೆಂಬ ನಿರೀಕ್ಷೆ ಕಂಡುಬಂದಿತು. ವಂಶವಾಹಿಯ ತಪ್ಪನ್ನು ಯಾರೂ ತಿದ್ದಲಿಲ್ಲ, ಅದನ್ನು ತಿದ್ದುವ ಔಷಧ ಇಂದಿಗೂ ಇಲ್ಲ. ಬದಲಾದದ್ದು ಮೂರು ಸಂಗತಿಗಳು ಮಾತ್ರ. ಅಳೆಯುವ ಉಪಕರಣ ಬಂದಿತು, ನಾಳದ ಮೇಲಿನ ಒತ್ತಡ ತಗ್ಗಿಸುವ ಮಾತ್ರೆ ಬಂದಿತು, ನಾಳ ಒಡೆಯುವ ಮೊದಲೇ ಅದನ್ನು ಬದಲಿಸುವ ಶಸ್ತ್ರಚಿಕಿತ್ಸೆ ಬಂದಿತು.

ಅಳೆಯುವ ಉಪಕರಣವೆಂದರೆ ಎಕೋ. ನೋವಿಲ್ಲದ, ಸೂಜಿಯಿಲ್ಲದ, ಅರ್ಧ ಗಂಟೆಯ ಪರೀಕ್ಷೆ. ಮಾರ್ಫಾನ್ ಇರುವವರು ಸಾಮಾನ್ಯವಾಗಿ ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಿ, ಪ್ರತಿಸಲದ ಅಳತೆಯನ್ನು ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ನಾಳವು ವೇಗವಾಗಿ ಹಿಗ್ಗುತ್ತಿದ್ದರೆ ವೈದ್ಯರು ಇನ್ನೂ ಬೇಗ ಕರೆಯುತ್ತಾರೆ. ಮಾತ್ರೆಯೆಂದರೆ ಪ್ರೊಪ್ರನೊಲಾಲ್, ಅಟೆನೊಲಾಲ್ ಮುಂತಾದ ಬೀಟಾ ಬ್ಲಾಕರುಗಳು. ಇವು ಹೃದಯದ ಬಡಿತವನ್ನೂ ಅದರ ರಭಸವನ್ನೂ ತಗ್ಗಿಸಿ ನಾಳದ ಗೋಡೆಯ ಮೇಲಿನ ಹೊಡೆತವನ್ನು ಹಗುರಗೊಳಿಸುತ್ತವೆ. ಪ್ರೊಪ್ರನೊಲಾಲ್ ಸೇವನೆಯಿಂದ ನಾಳ ಹಿಗ್ಗುವ ವೇಗ ತಗ್ಗುತ್ತದೆಂದು 1994ರಲ್ಲಿ ಪ್ರಯೋಗದಿಂದ ತಿಳಿದುಬಂದಿತು. ಲೊಸಾರ್ಟಾನ್ ಎಂಬ ಇನ್ನೊಂದು ಔಷಧವನ್ನು ಅಟೆನೊಲಾಲಿನೊಡನೆ ಹೋಲಿಸಿ 608 ಮಕ್ಕಳು ಮತ್ತು ತರುಣರಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಹೊರಬಂದಾಗ, ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇವು ದುಬಾರಿ ಔಷಧಗಳಲ್ಲ, ಜನೌಷಧಿ ಕೇಂದ್ರಗಳಲ್ಲೂ ಸಿಗುತ್ತವೆ. ಆದರೆ ಚೆನ್ನಾಗಿದ್ದೇನೆಂದು ತಾವಾಗಿಯೇ ನಿಲ್ಲಿಸುವುದು ಸಲ್ಲದು. ನಾಳ ಹಿಗ್ಗುವುದು ಅನುಭವಕ್ಕೆ ಬರುವಂಥದ್ದಲ್ಲವಷ್ಟೆ.

ಶಸ್ತ್ರಚಿಕಿತ್ಸೆಯ ವಿಷಯ. ಮಹಾಪಧಮನಿಯ ಬುಡವು 5 ಸೆಂಟಿಮೀಟರಿನ ಸುಮಾರಿಗೆ ಬಂದಾಗ ಅದನ್ನು ಬದಲಿಸುವುದು ವಾಡಿಕೆ. ವಂಶದಲ್ಲಿ ನಾಳ ಸೀಳಿ ತೀರಿಕೊಂಡವರಿದ್ದರೆ ಅಥವಾ ಹಿಗ್ಗುವ ವೇಗ ಹೆಚ್ಚಾಗಿದ್ದರೆ ಅದಕ್ಕೂ ಮೊದಲೇ ಸಲಹೆ ಕೊಡುತ್ತಾರೆ. 1968ರಲ್ಲಿ ಬೆಂಟಾಲ್ ಅವರು ಕವಾಟವನ್ನೂ ನಾಳವನ್ನೂ ಒಟ್ಟಿಗೆ ಬದಲಿಸುವ ವಿಧಾನವನ್ನು ವರದಿ ಮಾಡಿದರು. ಅದರಲ್ಲಿ ಕೃತಕ ಲೋಹದ ಕವಾಟವಿಟ್ಟರೆ ಜೀವನಪರ್ಯಂತ ರಕ್ತ ತಿಳಿಯಾಗಿಸುವ ಮಾತ್ರೆ ನುಂಗಬೇಕಾಗುತ್ತದೆ. 1992ರಲ್ಲಿ ಟೈರೋನ್ ಡೇವಿಡ್ ಅವರು ಸ್ವಂತ ಕವಾಟವನ್ನು ಉಳಿಸಿಕೊಂಡು ನಾಳವನ್ನು ಮಾತ್ರ ಬದಲಿಸುವ ವಿಧಾನವನ್ನು ಪ್ರಕಟಿಸಿದರು. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ಶಸ್ತ್ರವೈದ್ಯರು ನಿರ್ಧರಿಸುತ್ತಾರೆ. ನಾವು ಹೇಳಬೇಕಾದದ್ದು ಇಷ್ಟೆ: ದಿನ ಗೊತ್ತುಮಾಡಿ, ತಯಾರಿ ಮಾಡಿಕೊಂಡು ನಡೆಸುವ ಶಸ್ತ್ರಚಿಕಿತ್ಸೆಯ ಅಪಾಯಕ್ಕೂ, ನಾಳ ಸೀಳಿದ ಮೇಲೆ ನಡುರಾತ್ರಿಯಲ್ಲಿ ನಡೆಸುವ ಶಸ್ತ್ರಚಿಕಿತ್ಸೆಯ ಅಪಾಯಕ್ಕೂ ಅಜಗಜಾಂತರವಿದೆ. ಮೊದಲನೆಯದು ದೊರೆಯುವುದು ಕಾಯಿಲೆ ಇದೆಯೆಂದು ತಿಳಿದವರಿಗೆ ಮಾತ್ರ.

ಒಬ್ಬರ ಸಾವು, ಇನ್ನೊಬ್ಬರ ಬದುಕು

ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ ಅವರ ಕಥೆ ಇಲ್ಲಿ ನೆನೆಯತಕ್ಕದ್ದು. ಆರು ಅಡಿ ಐದು ಅಂಗುಲ ಎತ್ತರದ ಈಕೆ 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದ ತಂಡದಲ್ಲಿದ್ದರು. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯ ನಡೆಯುತ್ತಿದ್ದಾಗ, ಆಟದಿಂದ ಹೊರಬಂದು ಬೆಂಚಿನ ಮೇಲೆ ಕುಳಿತಿದ್ದವರು ಅಲ್ಲೇ ಕುಸಿದರು. ವಯಸ್ಸು 31. ಅಂಥ ದೇಶದ ಅಂಥ ಕ್ರೀಡಾಪಟುವಿಗೂ ಮಾರ್ಫಾನ್ ಇದ್ದುದು ತಿಳಿದದ್ದು ಶವಪರೀಕ್ಷೆಯಲ್ಲಿ. ಆ ಬಳಿಕ ಅವರ ತಮ್ಮನನ್ನು ಪರೀಕ್ಷಿಸಲಾಗಿ ಅವರಲ್ಲೂ ಅದೇ ದೋಷ ಕಂಡುಬಂದು, ಶಸ್ತ್ರಚಿಕಿತ್ಸೆ ನಡೆಯಿತು. ಅಕ್ಕನ ಸಾವಿನ ಕಾರಣವನ್ನು ಆ ಮನೆಯವರು ಹುಡುಕದೆ ಬಿಟ್ಟಿದ್ದರೆ ತಮ್ಮನ ಪಾಡೇನಾಗುತ್ತಿತ್ತು?

ನಮ್ಮ ಹಳ್ಳಿಗಳಲ್ಲಿ ಮೂವತ್ತು ನಲವತ್ತರ ಗಂಡಾಳು ಹಠಾತ್ತನೆ ತೀರಿಕೊಂಡರೆ "ಹಾರ್ಟ್ ಅಟ್ಯಾಕ್" ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಇಲ್ಲವೇ ಯಾರದೋ ಕಣ್ಣು ಬಿತ್ತು, ಮನೆದೇವರು ಮುನಿಯಿತು ಎಂಬಲ್ಲಿಗೆ ಮುಗಿಯುತ್ತದೆ. ಕಾರಣ ಹುಡುಕುವುದು ಸತ್ತವರಿಗೆ ಮಾಡುವ ಅವಮಾನವಲ್ಲ, ಉಳಿದವರಿಗೆ ಸಲ್ಲಬೇಕಾದ ಋಣ. ಸತ್ತವರು ಬಹಳ ಎತ್ತರವಾಗಿದ್ದರೇ, ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದರೇ, ಅವರ ಅಣ್ಣತಮ್ಮಂದಿರೋ ತಂದೆಯೋ ಹೀಗೆಯೇ ಹೋದರೇ ಎಂದು ಒಮ್ಮೆ ಕೇಳಿಕೊಂಡರೆ ಸಾಕು.

ಎದೆನೋವನ್ನು ಲಘುವಾಗಿ ಕಾಣುವ ತಪ್ಪು ಹಳ್ಳಿಯವರದಷ್ಟೇ ಅಲ್ಲ. 'ರೆಂಟ್' ಎಂಬ ಸಂಗೀತ ನಾಟಕವನ್ನು ಬರೆದ ನ್ಯೂಯಾರ್ಕಿನ ಜೋನಾಥನ್ ಲಾರ್ಸನ್, 1996ರ ಜನವರಿಯಲ್ಲಿ ತಮ್ಮ 35ನೆಯ ವಯಸ್ಸಿನಲ್ಲಿ ಮಹಾಪಧಮನಿ ಸೀಳಿ ತೀರಿಕೊಂಡರು. ಅದಕ್ಕೆ ಹಿಂದಿನ ದಿನಗಳಲ್ಲಿ ಎದೆನೋವೆಂದು ಅವರು ಎರಡು ಬಾರಿ ಆಸ್ಪತ್ರೆಗೆ ಹೋಗಿದ್ದರು. ಊಟ ವಿಷವಾಯಿತೆಂದೂ, ಸೋಂಕು ಜ್ವರವೆಂದೂ ಹೇಳಿ ಅವರನ್ನು ಮನೆಗೆ ಕಳಿಸಲಾಗಿತ್ತು. ಅವರಿಗೂ ಮಾರ್ಫಾನ್ ಇದ್ದಿರಬೇಕೆಂಬ ಊಹೆ ಹುಟ್ಟಿದ್ದು ಆಮೇಲೆ.

ಆದುದರಿಂದ ಮಾರ್ಫಾನ್ ಇರುವ ಮನೆಯ ಪ್ರತಿಯೊಬ್ಬರೂ ಎರಡು ಸಂಗತಿಗಳನ್ನು ಕಂಠಪಾಠ ಮಾಡಿಕೊಂಡಿರಬೇಕು. ಎದೆಯಲ್ಲಿ ಅಥವಾ ಹೆಗಲ ಮೂಳೆಗಳ ನಡುವೆ ಬೆನ್ನಿನಲ್ಲಿ ಬಟ್ಟೆ ಹರಿದಂಥ ನೋವು ಹಠಾತ್ತನೆ ಬಂದರೆ, ಗ್ಯಾಸಿನ ಮಾತ್ರೆ ನುಂಗಿ ಮಲಗದೆ 108ಕ್ಕೆ ಕರೆ ಮಾಡಬೇಕು, ಇದು ಮೊದಲನೆಯದು. ಆಸ್ಪತ್ರೆಯ ಬಾಗಿಲಲ್ಲೇ "ಇವರಿಗೆ ಮಾರ್ಫಾನ್ ಇದೆ, ಮಹಾಪಧಮನಿ ನೋಡಿ" ಎಂದು ಹೇಳಬೇಕು, ಇದು ಎರಡನೆಯದು. ಹೃದಯಾಘಾತವೆಂದು ಭಾವಿಸಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ, ನಾಳ ಸೀಳಿದವರಿಗೆ ಅದು ಮಾರಕವಾಗಬಹುದು. ಈ ಒಂದು ವಾಕ್ಯವನ್ನು ಬರೆದ ಚೀಟಿಯನ್ನು ಆಧಾರ್ ಕಾರ್ಡಿನೊಡನೆ ಇಟ್ಟುಕೊಳ್ಳುವುದು ಒಳ್ಳೆಯದು. ಹಠಾತ್ತನೆ ಉಸಿರು ಕಟ್ಟಿ ಎದೆಯ ಒಂದು ಬದಿ ನೋಯುವುದು, ಕಣ್ಣೆದುರು ಮಿಂಚು ಹೊಳೆದಂತಾಗಿ ಪರದೆ ಇಳಿದಂತಾಗುವುದು ಇವೂ ತಡಮಾಡಬಾರದ ಲಕ್ಷಣಗಳೇ. ಮೊದಲನೆಯದು ಶ್ವಾಸಕೋಶ ಕುಸಿದದ್ದರಿಂದಲೂ ಎರಡನೆಯದು ಅಕ್ಷಿಪಟ ಕಳಚಿಕೊಂಡದ್ದರಿಂದಲೂ ಆಗಿರಬಹುದು.

ಮತ್ತೊಂದು ಎಚ್ಚರಿಕೆಯೂ ಇದೆ. ಮೂತ್ರದ ಉರಿ, ಭೇದಿಗಳಿಗೆ ನಮ್ಮಲ್ಲಿ ಚೀಟಿಯಿಲ್ಲದೆಯೇ ಕೊಂಡು ನುಂಗುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ವರ್ಗದ ಮಾತ್ರೆಗಳನ್ನು ಮಾರ್ಫಾನ್ ಮತ್ತು ಎಲರ್ಸ್-ಡಾನ್ಲೋಸ್ ಇರುವವರಿಗೆ ಬೇರೆ ದಾರಿಯಿದ್ದರೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2018ರಲ್ಲಿ ಎಚ್ಚರಿಸಿದೆ. ಯಾವ ಮಾತ್ರೆ ಕೊಳ್ಳುವಾಗಲೂ ಕಾಯಿಲೆಯ ಹೆಸರು ಹೇಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಅತಿಯಾಗಿ ಬಾಗುವ ಗಿಡಗಳು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತದೆ ಗಾದೆ. ಆದರೆ ಕೆಲವು ಗಿಡಗಳು ಬಗ್ಗಬೇಕಾದುದಕ್ಕಿಂತ ಹೆಚ್ಚು ಬಗ್ಗುತ್ತವೆ, ಮತ್ತು ನಾವು ಅವನ್ನು ನೋಡಿ ಚಪ್ಪಾಳೆ ತಟ್ಟುತ್ತೇವೆ. ಶಾಲೆಗಳ ಯೋಗ ಪ್ರದರ್ಶನ, ಮಲ್ಲಕಂಬಗಳಲ್ಲಿ ಮೈಯನ್ನು ಹಗ್ಗದಂತೆ ತಿರುಚುವ ಮಕ್ಕಳೇ ಮುಂದಿನ ಸಾಲಿನಲ್ಲಿರುತ್ತಾರೆ. ಅವರಲ್ಲಿ ಹೆಚ್ಚಿನವರು ಆರೋಗ್ಯವಂತರೇ. ಆದರೆ ಕೆಲವರ ಆ ಬಾಗುವಿಕೆ ಅಭ್ಯಾಸಬಲದಿಂದ ಬಂದುದಲ್ಲ. ಅದು ಎಲರ್ಸ್-ಡಾನ್ಲೋಸ್ ಎಂಬ ಇನ್ನೊಂದು ಸಂಯೋಜಕ ಅಂಗಾಂಶ ದೋಷದ ಕುರುಹಾಗಿರಬಹುದು. 2017ರ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಇದರಲ್ಲಿ 13 ಬಗೆಗಳಿವೆ. ರಕ್ತನಾಳಗಳನ್ನು ಬಾಧಿಸುವ ಬಗೆ ಅಪರೂಪದ್ದು, ಆದರೆ ಘೋರವಾದದ್ದು. ಕೀಲುಗಳು ಅತಿಯಾಗಿ ಬಾಗುವ ಬಗೆ ಹೆಚ್ಚು ಸಾಮಾನ್ಯ. ಇದಕ್ಕೆ ಕಾರಣವಾದ ವಂಶವಾಹಿ ಇನ್ನೂ ಪತ್ತೆಯಾಗಿಲ್ಲವಾದ್ದರಿಂದ ರಕ್ತಪರೀಕ್ಷೆಯಲ್ಲಿ ಇದು ಸಿಗದು. ವೈದ್ಯರು ಕೈಯಿಂದ ಪರೀಕ್ಷಿಸಿಯೇ ಕಂಡುಹಿಡಿಯಬೇಕು.

ಇಂಥ ಮಕ್ಕಳಿಗೆ ಹೆಬ್ಬೆರಳು ಮುಂಗೈಗೆ ತಾಗುತ್ತದೆ, ಕಿರುಬೆರಳು ಹಿಂದಕ್ಕೆ ನೆಟ್ಟಗೆ ನಿಲ್ಲುತ್ತದೆ, ಮೊಣಕೈ ಮೊಣಕಾಲುಗಳು ಹಿಮ್ಮುಖವಾಗಿ ಬಾಗುತ್ತವೆ. ಹತ್ತು ಹನ್ನೆರಡು ವರ್ಷಕ್ಕೆ ಪದಕ ಗೆದ್ದ ಮಗುವೇ ಇಪ್ಪತ್ತಕ್ಕೆ ಬಕೀಟು ಎತ್ತಿದರೆ ಹೆಗಲು ತಪ್ಪುತ್ತದೆ, ಬರೆಯಲು ಕುಳಿತರೆ ಬೆರಳು ನೋಯುತ್ತದೆ, ದಿನವಿಡೀ ದಣಿವು. ಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುವುದರಿಂದ ಮನೆಯವರು "ಸೋಮಾರಿ" ಎಂದು ಜರೆಯುತ್ತಾರೆ, ಸೊಸೆಯಾಗಿದ್ದರೆ "ನಾಟಕ" ಎನ್ನುತ್ತಾರೆ. ಕಾಣದ ನೋವನ್ನು ನಂಬದಿರುವುದು ಆ ನೋವಿನ ಮೇಲೆ ಇನ್ನೊಂದು ಬರೆ ಎಳೆದಂತೆ.

ಯೋಗವನ್ನೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಇವರಿಗೆ ಬೇಕಾದದ್ದು ಇನ್ನಷ್ಟು ಬಾಗುವುದಲ್ಲ, ಕೀಲಿನ ಸುತ್ತಲ ಮಾಂಸಖಂಡಗಳನ್ನು ಬಲಪಡಿಸಿ ಸ್ಥಿರವಾಗಿ ನಿಲ್ಲುವುದು. ಮಾರ್ಫಾನ್ ಇರುವವರಾದರೋ ಉಸಿರು ಬಿಗಿಹಿಡಿದು ಮಾಡುವ ಭಾರದ ವ್ಯಾಯಾಮ, ಹಟದ ಕುಂಭಕ, ಶೀರ್ಷಾಸನಗಳನ್ನು ಬಿಡಬೇಕು. ಸಂಗ್ರಾಣಿ ಕಲ್ಲು, ಕುಸ್ತಿ, ಕಬಡ್ಡಿ, 50 ಕಿಲೋ ಚೀಲದ ಹಮಾಲಿ ಇವು ಅವರಿಗೆ ಸಲ್ಲವು. ಎತ್ತರವಾಗಿದ್ದಾನೆಂಬ ಒಂದೇ ಕಾರಣಕ್ಕೆ ವಾಲಿಬಾಲ್, ಬಾಸ್ಕೆಟ್‌ಬಾಲ್ ತಂಡಕ್ಕೆ ಎಳೆಯುವ ಮೊದಲು ಒಂದು ಎಕೋ ಆಗಲಿ. ನಡಿಗೆ, ಸಾವಕಾಶವಾದ ಸೈಕಲ್ ಸವಾರಿ, ಹೊಗಳಿಕೆಯ ಪೈಪೋಟಿಯಿಲ್ಲದ ಈಜು ಇವು ಅವರಿಗೆ ಹಿತ. ಕಾಯಿಲೆ ಇದ್ದವರೆಲ್ಲ ಮೂಲೆ ಹಿಡಿದು ಕೂರಬೇಕಿಲ್ಲ. ಭಾರ ಹೊರದ ಕಾಯಕಗಳು ಬೇಕಾದಷ್ಟಿವೆ, ಶರೀರಕ್ಕೆ ಒಗ್ಗುವ ಕಾಯಕವನ್ನು ಎಳವೆಯಲ್ಲೇ ಆರಿಸಿಕೊಳ್ಳಲು ನೆರವಾಗುವುದೇ ಹಿರಿಯರ ಕೆಲಸ.

ಗೌಪ್ಯ ಬೇರೆ, ಮುಚ್ಚುಮರೆ ಬೇರೆ

ಈಗ ಅಜ್ಜಿಯ ಮಾತಿಗೆ ಮರಳೋಣ. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಗೆ ಮಾರ್ಫಾನ್ ಇದ್ದರೂ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕೆ ಅರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ಮೊದಲ ಮಗುವಿಗೆ ಬಂದಿದೆ, ಇನ್ನೊಂದಕ್ಕೆ ಬಾರದು ಎಂಬ ಲೆಕ್ಕವೂ ಇಲ್ಲ, ಪ್ರತಿ ಬಾರಿಯೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಸುಮಾರು ನಾಲ್ಕರಲ್ಲಿ ಒಬ್ಬ ರೋಗಿಗೆ ಇದು ತಂದೆತಾಯಿಯಿಂದ ಬಂದದ್ದೇ ಅಲ್ಲ, ಆ ಮಗುವಿನಲ್ಲೇ ವಂಶವಾಹಿ ಹೊಸದಾಗಿ ತಪ್ಪಿರುತ್ತದೆ. ಸೋದರ ಸಂಬಂಧದಲ್ಲಿ ಮದುವೆಯಾದದ್ದರಿಂದ ಬಂತೆಂದು ಹಲವರು ತಾಯಿಯನ್ನು ದೂರುತ್ತಾರೆ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಇವೆ, ಅವುಗಳಿಗೆ ಎರಡೂ ಕಡೆಯಿಂದ ದೋಷ ಬರಬೇಕು. ಮಾರ್ಫಾನಿಗೆ ಒಂದು ಕಡೆಯ ದೋಷವೇ ಸಾಕು. ಆದ್ದರಿಂದ ಇಲ್ಲಿ ಅಪರಾಧಿಗಳಿಲ್ಲ. ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ. ಅಪರಾಧವೇ ಇಲ್ಲದಲ್ಲಿ ಅಡಗಿಸುವುದೇನನ್ನು?

ಆದರೂ ಮದುವೆಯ ಪ್ರಶ್ನೆ ಉಳಿದೇ ಉಳಿಯುತ್ತದೆ. ಊರೆಲ್ಲ ಡಂಗುರ ಹೊಡೆಯಿರಿ ಎಂದು ನಾವು ಹೇಳುತ್ತಿಲ್ಲ. ಕಾಯಿಲೆಯ ವಿಷಯ ಯಾರಿಗೆ ತಿಳಿಯಬೇಕು, ಯಾರಿಗೆ ಬೇಡ ಎಂದು ನಿರ್ಧರಿಸುವ ಹಕ್ಕು ರೋಗಿಯದು. ನೆರೆಹೊರೆಯವರಿಗೆ, ಜಾತ್ರೆಗೆ ಬಂದವರಿಗೆ ಅದು ಬೇಕಿಲ್ಲ. ಅದು ಗೌಪ್ಯ, ಅದನ್ನು ಕಾಪಾಡಬೇಕು. ಆದರೆ ಯಾರ ಜೀವ ಆ ತಿಳಿವಳಿಕೆಯ ಮೇಲೆ ನಿಂತಿದೆಯೋ ಅವರಿಂದ ಮರೆಮಾಡುವುದು ಗೌಪ್ಯವಲ್ಲ, ಮುಚ್ಚುಮರೆ. ರೋಗಿಗೆ, ಒಡಹುಟ್ಟಿದವರಿಗೆ, ಮಕ್ಕಳಿಗೆ, ಬಾಳಸಂಗಾತಿಯಾಗುವವರಿಗೆ, ಚಿಕಿತ್ಸೆ ಮಾಡುವ ವೈದ್ಯರಿಗೆ ಹೀಗೆ ಐವರಿಗೆ ತಿಳಿಯಲೇಬೇಕು. "ಆಕಿಗೂ ಹೇಳಬ್ಯಾಡ್ರಿ" ಎಂಬ ಮಾತನ್ನು ನಾವು ಒಪ್ಪದಿದ್ದುದು ಈ ಕಾರಣಕ್ಕೆ. ತನ್ನ ದೇಹದ ಸತ್ಯ ತನಗೇ ತಿಳಿಯದಂತೆ ಒಬ್ಬ ಹೆಣ್ಣುಮಗಳನ್ನು ಇನ್ನೊಂದು ಮನೆಗೆ ಕಳಿಸುವುದು ಅವಳ ರಕ್ಷಣೆಯಲ್ಲ.

ಏಕೆಂದರೆ ಬಸಿರು ಮತ್ತು ಹೆರಿಗೆಯ ಕಾಲದಲ್ಲಿ ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ, ನಾಳದ ಗೋಡೆಯೂ ಸಡಿಲವಾಗುತ್ತದೆ. ಮಹಾಪಧಮನಿಯ ಬುಡ 4 ಸೆಂಟಿಮೀಟರ್ ದಾಟಿದ್ದರೆ ಅಪಾಯ ಏರುತ್ತದೆ. 4.5 ದಾಟಿದ್ದರೆ, ಮೊದಲು ಶಸ್ತ್ರಚಿಕಿತ್ಸೆಯಾಗದೆ ಗರ್ಭ ಧರಿಸಬಾರದೆಂಬುದು ತಜ್ಞರ ಸಲಹೆ. ಲೊಸಾರ್ಟಾನ್ ಜಾತಿಯ ಮಾತ್ರೆಗಳನ್ನು ಬಸಿರಿನಲ್ಲಿ ನುಂಗುವಂತಿಲ್ಲ, ಮೊದಲೇ ಬದಲಿಸಿಕೊಳ್ಳಬೇಕು. ನಾಳ ಹೆಚ್ಚು ಹಿಗ್ಗದ ಅನೇಕ ಹೆಣ್ಣುಮಕ್ಕಳು ಹೃದ್ರೋಗ ತಜ್ಞರ ಮತ್ತು ಹೆರಿಗೆ ತಜ್ಞರ ಒಟ್ಟು ನಿಗಾದಲ್ಲಿ ಸುಖವಾಗಿ ತಾಯಂದಿರಾಗಿದ್ದಾರೆ. ಮಕ್ಕಳೇ ಬೇಡವೆನ್ನುವವರು, ದತ್ತು ಪಡೆಯುವವರು, ಭ್ರೂಣದ ಪರೀಕ್ಷೆಯ ಬಗೆಗೆ ಆನುವಂಶಿಕ ಸಲಹೆ ಕೇಳುವವರೂ ಇದ್ದಾರೆ. ಯಾವ ದಾರಿಯಾದರೂ ಅದು ದಂಪತಿಗಳ ಆಯ್ಕೆ. ಆದರೆ ಆರಿಸುವ ಮೊದಲು ಎದುರಿಗೆ ಏನಿದೆಯೆಂದು ಕಾಣಬೇಕಷ್ಟೆ.

ಹೇಳಿದರೆ ಸಂಬಂಧ ಮುರಿಯಬಹುದು. ಇದನ್ನು ನಾವು ಅಲ್ಲಗಳೆಯುವುದಿಲ್ಲ, ಹಗುರವಾಗಿಯೂ ಕಾಣುವುದಿಲ್ಲ. ಆ ನೋವು ಉಣ್ಣುವವರು ನಾವಲ್ಲ, ಆ ಹುಡುಗಿ. ಆದರೆ ಹೇಳದೆ ಕಟ್ಟಿದ ಸಂಬಂಧ ಹೆರಿಗೆ ಕೋಣೆಯಲ್ಲಿ ಮುರಿದರೆ ಉಳಿಯುವುದು ತಬ್ಬಲಿ ಮಗು, ಜೊತೆಗೆ ಎರಡು ಮನೆಗಳ ನಡುವಿನ ವೈರ. ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಅಜ್ಜಿಯ ಭಯಕ್ಕೆ ಕಾರಣ ಅಜ್ಜಿಯಲ್ಲ, ಹೆಣ್ಣು ನೋಡಲು ಹೋಗುವ ನಾವು. ಸತ್ಯ ಹೇಳಿದ ಮನೆಯಿಂದ ಎದ್ದು ಬರುವ ಸಮಾಜವೇ ಸುಳ್ಳನ್ನು ಸಾಕುತ್ತದೆ. ಮಧುಮೇಹ, ರಕ್ತದೊತ್ತಡಗಳಿರುವ ಮನೆಗಳಲ್ಲಿ ಮದುವೆಗಳಾಗುವುದಿಲ್ಲವೇ? ಅವುಗಳಂತೆಯೇ ಇದೂ ನಿಗಾದಲ್ಲಿಟ್ಟು ಬಾಳಬಹುದಾದ ಕಾಯಿಲೆ ಎಂಬ ಅರಿವು ಗಂಡಿನ ಮನೆಯವರಿಗೆ ಮೂಡುವವರೆಗೆ ಹೆಣ್ಣಿನ ಮನೆಯವರಿಗಷ್ಟೇ ಪ್ರಾಮಾಣಿಕತೆಯ ಪಾಠ ಹೇಳುವುದು ನ್ಯಾಯವಲ್ಲ.

ನಾವು ಮಾಡಬಹುದಾದದ್ದು

ಮಠಗಳ ಆಶ್ರಯದಲ್ಲಿ ಸಾವಿರಾರು ಮಕ್ಕಳು ಉಚಿತ ಪ್ರಸಾದನಿಲಯಗಳಲ್ಲಿದ್ದು ಓದುತ್ತಿದ್ದಾರೆ. ಸರ್ಕಾರವು 2013ರಿಂದ ನಡೆಸುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಿಗೆ ಬರುತ್ತವೆ. ಆ ತಪಾಸಣೆಯ ಜೊತೆಗೆ ನಿಲಯದ ಮೇಲ್ವಿಚಾರಕರು ನಾಲ್ಕು ಸಂಗತಿಗಳನ್ನು ಗಮನಿಸಿ ತಂಡದ ವೈದ್ಯರಿಗೆ ತಿಳಿಸಲಿ ಎಂಬುದು ನಮ್ಮ ಮೊದಲ ಸಲಹೆ. ಕೈಗಳನ್ನು ಪಕ್ಕಕ್ಕೆ ಚಾಚಿದಾಗಿನ ಅಳತೆಯು ಎತ್ತರಕ್ಕಿಂತ ಗಣನೀಯವಾಗಿ ಹೆಚ್ಚಿದೆಯೇ? 150 ಸೆಂಟಿಮೀಟರ್ ಎತ್ತರದ ಮಗುವಿಗೆ ಈ ಅಳತೆ 157 ಮೀರಿದರೆ ಗಮನ ಕೊಡಬೇಕು. ಹೆಬ್ಬೆರಳನ್ನು ಮಡಿಚಿ ಮುಷ್ಟಿ ಕಟ್ಟಿದಾಗ ಅದರ ಉಗುರು ಕಿರುಬೆರಳಿನ ಬದಿಯಿಂದ ಪೂರ್ತಿ ಹೊರಕ್ಕೆ ಚಾಚುತ್ತದೆಯೇ? ಒಂದು ಕೈಯ ಹೆಬ್ಬೆರಳು ಕಿರುಬೆರಳುಗಳಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಬಳಸಿದಾಗ ಉಗುರಿನ ಮೇಲೆ ಉಗುರು ಪೂರ್ತಿ ಕೂರುತ್ತದೆಯೇ? ಮನೆಯಲ್ಲಿ ಐವತ್ತರೊಳಗೆ ಹಠಾತ್ತನೆ ತೀರಿಕೊಂಡವರಿದ್ದಾರೆಯೇ? ಇವುಗಳಲ್ಲಿ ಯಾವುದೊಂದೂ ಕಾಯಿಲೆಯ ಸಾಕ್ಷಿಯಲ್ಲ, ಎತ್ತರವಾಗಿರುವ ಮಕ್ಕಳೆಲ್ಲ ರೋಗಿಗಳೂ ಅಲ್ಲ. ಹಲವು ಲಕ್ಷಣಗಳು ಕೂಡಿದರೆ ಕಣ್ಣಿನ ಪರೀಕ್ಷೆ ಮತ್ತು ಎಕೋ ಮಾಡಿಸಬೇಕೆಂಬ ಸೂಚನೆ ಮಾತ್ರ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಸರ್ಕಾರಿ ಜಯದೇವ ಹೃದ್ರೋಗ ಸಂಸ್ಥೆಗಳಲ್ಲಿ ಈ ಪರೀಕ್ಷೆ ದೊರೆಯುತ್ತದೆ.

ಎರಡನೆಯದಾಗಿ, ಸಾಮೂಹಿಕ ವಿವಾಹಗಳಿಗೆ ಹೆಸರು ನೋಂದಾಯಿಸುವಾಗ ವಯಸ್ಸಿನ ದಾಖಲೆಯ ಜೊತೆಗೆ, ವಧೂವರರಿಬ್ಬರೂ ವೈದ್ಯರೊಬ್ಬರೊಡನೆ ಅರ್ಧ ಗಂಟೆ ಕುಳಿತು ಮನೆತನದ ಕಾಯಿಲೆಗಳ ಬಗೆಗೆ ಮಾತಾಡುವ ಏರ್ಪಾಡು ಆಗಲಿ. ಎಲ್ಲ ಜೋಡಿಗಳಿಗೂ ಇದು ಸಮಾನವಾಗಿ ಅನ್ವಯಿಸಿದರೆ ಯಾವ ಒಬ್ಬ ಹುಡುಗಿಯತ್ತಲೂ ಬೆರಳು ಹೋಗುವುದಿಲ್ಲ.

ಮೂರನೆಯದು ಪ್ರತಿ ಮನೆಯದು. ಮನೆಯ ಹಿರಿಯರು ಬದುಕಿರುವಾಗಲೇ ಮೂರು ತಲೆಮಾರಿನ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಯಾರು ಎಷ್ಟನೆಯ ವಯಸ್ಸಿನಲ್ಲಿ ಹೇಗೆ ತೀರಿಕೊಂಡರೆಂದು ಕೇಳಿ ಗುರುತಿಸಿಡಿ. ಆಸ್ತಿಯ ವಂಶಾವಳಿಯನ್ನು ಜೋಪಾನ ಮಾಡುವ ನಾವು ಆರೋಗ್ಯದ ವಂಶಾವಳಿಯನ್ನು ಏಕೆ ಮರೆಯಬೇಕು?

ಆ ಹುಡುಗಿಗೆ ನಾವು ಹೇಳಿದೆವು, ಅಜ್ಜಿಯ ಎದುರಿನಲ್ಲೇ. ಅವಳ ನಾಳದ ಅಳತೆ 3.9 ಬಂದಿತು, ತಮ್ಮನ ಕಾಯಿಲೆಯೇ ಅವಳಿಗೂ ಇದೆಯೆಂದು ಖಚಿತವಾಯಿತು. ನೋಡಿಹೋಗಿದ್ದ ಮನೆಯವರಿಗೆ ಅವಳು ತಾನೇ ಹೇಳಿಸಿದಳು, ಅವರು ಮತ್ತೆ ಬರಲಿಲ್ಲ. ಅಜ್ಜಿ ನಮ್ಮೊಡನೆ ಕೆಲವು ತಿಂಗಳು ಮಾತು ಬಿಟ್ಟರು. ಇತ್ತೀಚೆಗೆ ಅಕ್ಕ ತಮ್ಮ ಇಬ್ಬರೂ ವರ್ಷದ ಎಕೋ ಮಾಡಿಸಲು ಹೊರಟಾಗ, ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದವರು ಅದೇ ಅಜ್ಜಿ. ತೀರಿಹೋದ ಮಗನ ಇನ್ನೊಬ್ಬ ಸೋದರನ ಮಕ್ಕಳನ್ನೂ ಅವರೇ ಕರೆತಂದಿದ್ದರು. "ಇವನ್ನೂ ನೋಡಿಬಿಡ್ರಿ ಒಂದ್ಸಲ" ಎಂದರು.

ಓದುಗರ ಮನೆಯಲ್ಲೂ ಅಂಥ ಒಂದು ಮಾತು ಆಗಲಿ ಎಂಬುದೇ ನಮ್ಮ ವಿನಂತಿ.